ಸಂಪಾದಕರ ಉತ್ತರ: ಅಳಿಯನ ಕೆಂಪು ಅಂಗಿ

(ದಾವಣಗೆರೆಯ ಹಿರಿಯ ಓದುಗರೊಬ್ಬರು ಕ್ಯಾಲಿಫೋರ್ನಿಯಾದಲ್ಲಿರುವ ಮಗಳ ಮನೆಯಿಂದ ಬರೆದಿದ್ದಾರೆ. ಪತ್ರದ ಸಾರ ಇಷ್ಟು: "ನಮ್ಮ ಅಳಿಯ 2009ರಿಂದ 2011ರವರೆಗೆ ನೆಬ್ರಾಸ್ಕ ಯೂನಿವರ್ಸಿಟಿಯಲ್ಲಿ ಎಂ.ಎಸ್. ಓದಿದವರು. ಓದಿದ್ದು ಎರಡೇ ವರ್ಷ. ಇವತ್ತಿಗೂ ಶನಿವಾರ ಬಂದರೆ ಕೆಂಪು ಅಂಗಿ ಹಾಕಿಕೊಂಡು ಆ ಕಾಲೇಜಿನ ಅಮೆರಿಕನ್ ಫುಟ್‌ಬಾಲ್, ಅದೇ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ, ನೋಡುತ್ತಾ ಕೂರುತ್ತಾರೆ. ನಾನು ಇಲ್ಲಿಗೆ ಬಂದಾಗೆಲ್ಲ ಆ ತಂಡ ಸೋಲುವುದನ್ನೇ ನೋಡಿದ್ದೇನೆ. ನಾನು ಓದಿದ ಕಾಲೇಜಿನಲ್ಲಿ ಯಾವ ಆಟದ ತಂಡ ಇತ್ತು ಅಂತಲೇ ನನಗೆ ನೆನಪಿಲ್ಲ. ಈಗ ಎಂಟು ವರ್ಷದ ಮೊಮ್ಮಗನಿಗೂ ಅದೇ ಹುಚ್ಚು. ಇದು ಹೇಗೆ ಹತ್ತಿಕೊಳ್ಳುತ್ತದೆ? ಯಾಕೆ ಬಿಡುವುದಿಲ್ಲ? ನವೆಂಬರ್ ಕೊನೆಯವರೆಗೆ ಇಲ್ಲೇ ಇರುತ್ತೇನೆ, ತಿಳಿಸಿ.")

ಮಾನ್ಯರೇ,

ಮೊದಲು ನಿಮ್ಮ ಅಳಿಯನ ಪರವಾಗಿ ಒಂದು ಮಾತು. ಅವರು ಸೇರಿಕೊಂಡದ್ದು ಸೋಲುವ ತಂಡವನ್ನಲ್ಲ. ಅವರು ಅಲ್ಲಿದ್ದ 2009 ಮತ್ತು 2010ರಲ್ಲಿ ನೆಬ್ರಾಸ್ಕ ಹತ್ತತ್ತು ಆಟ ಗೆದ್ದಿತ್ತು. ಇನ್ನೂ ಹಿಂದಕ್ಕೆ ಹೋದರೆ, 1962ರಿಂದ 2003ರವರೆಗೆ ಗೆಲುವಿಗಿಂತ ಸೋಲು ಜಾಸ್ತಿಯಾದ ವರ್ಷವೇ ಇಲ್ಲ. 1970, 1971, 1994, 1995, 1997, ಈ ಐದು ವರ್ಷ ದೇಶಕ್ಕೇ ಮೊದಲ ಸ್ಥಾನ. ನೀವು ನೋಡಿದ ಸೋಲೆಲ್ಲ ಆಮೇಲಿನದು. 2017ರಿಂದ 2023ರವರೆಗೆ ಏಳೂ ವರ್ಷ ಸೋಲೇ ಹೆಚ್ಚು. ಅದರಲ್ಲೂ 2021 ನೋಡಿ. ಆಡಿದ್ದು 12 ಆಟ, ಸೋತದ್ದು 9. ಆ ಒಂಬತ್ತರಲ್ಲಿ ಒಂದು ಸೋಲೂ ಒಂಬತ್ತು ಅಂಕಕ್ಕಿಂತ ಹೆಚ್ಚಿನ ಅಂತರದ್ದಲ್ಲ. ಕೊನೇ ಗಳಿಗೆಯವರೆಗೂ ಆಸೆ ಹುಟ್ಟಿಸಿ ಸೋಲುವುದು ಅಂದರೆ ಇದೇ. ಹೀನಾಯವಾಗಿ ಸೋತಿದ್ದರೆ ನಿಮ್ಮ ಅಳಿಯ ಅರ್ಧಕ್ಕೇ ಟಿವಿ ಆರಿಸಿ ತರಕಾರಿಗೆ ಹೋಗುತ್ತಿದ್ದರೋ ಏನೋ.

ಇನ್ನು ಅದು ಹತ್ತಿಕೊಳ್ಳುವ ಬಗೆ. ನೆಬ್ರಾಸ್ಕ ಅಂದರೆ ಅಮೆರಿಕದ ನಡುಮಧ್ಯದ ಜೋಳದ ಸೀಮೆ. ತಂಡದ ಹೆಸರೇ ಕಾರ್ನ್‌ಹಸ್ಕರ್ಸ್, ಮುಸುಕಿನ ಜೋಳದ ತೆನೆಯ ಸಿಪ್ಪೆ ಸುಲಿಯುವವರು. ಇಡೀ ರಾಜ್ಯದ ಜನಸಂಖ್ಯೆ ಸುಮಾರು 20 ಲಕ್ಷ. ಅಲ್ಲಿ ದೊಡ್ಡ ವೃತ್ತಿಪರ ತಂಡ ಒಂದೂ ಇಲ್ಲ. ಫುಟ್‌ಬಾಲಿನದಿಲ್ಲ, ಬೇಸ್‌ಬಾಲಿನದಿಲ್ಲ, ಬಾಸ್ಕೆಟ್‌ಬಾಲಿನದೂ ಇಲ್ಲ. ಇರುವುದು ಲಿಂಕನ್ ಊರಿನ ಈ ಒಂದು ಕಾಲೇಜು ತಂಡ. ಆಟದ ದಿನ ಅಲ್ಲಿನ ಮೆಮೋರಿಯಲ್ ಸ್ಟೇಡಿಯಂನಲ್ಲಿ 85,000ಕ್ಕೂ ಹೆಚ್ಚು ಜನ ಸೇರುತ್ತಾರೆ. ಓಮಹಾ ಮತ್ತು ಲಿಂಕನ್ ಬಿಟ್ಟರೆ ರಾಜ್ಯದ ಯಾವ ಊರಿನಲ್ಲೂ ಅಷ್ಟು ಜನ ಇಲ್ಲ. 1962ರ ನವೆಂಬರ್ 3ರಿಂದ ಇಲ್ಲಿಯವರೆಗೆ ಆ ಸ್ಟೇಡಿಯಂನ ಟಿಕೆಟ್ ಪೂರ್ತಿ ಮಾರಾಟ ಆಗದ ಆಟವೇ ಇಲ್ಲ ಅನ್ನುವುದು ಅವರ ಹೆಮ್ಮೆ. ಆ ಲೆಕ್ಕ 400 ದಾಟಿದೆ. ಅದರಲ್ಲಿ ಸ್ವಲ್ಪ ಜಾಣತನವೂ ಉಂಟು. ತಂಡ ಸೋಲತೊಡಗಿದ ಮೇಲೆ ಉಳಿದ ಟಿಕೆಟ್‌ಗಳನ್ನು ದಾನಿಗಳಿಂದ ಕೊಳ್ಳಿಸಿ ಬಡ ಮಕ್ಕಳಿಗೆ ಹಂಚಿದ್ದಿದೆ. ನನಗೇನೋ ಅದು ಮೋಸ ಅನ್ನಿಸುವುದಿಲ್ಲ. ಆ ಮಕ್ಕಳಲ್ಲಿ ಎಷ್ಟೋ ಮಂದಿ ಮುಂದಿನ ನಲವತ್ತು ವರ್ಷದ ಅಭಿಮಾನಿಗಳು.

ಶನಿವಾರವೇ ಯಾಕೆ ಅಂತ ನಿಮಗೆ ಅನ್ನಿಸಿರಬಹುದು. ಕಾಲೇಜು ತಂಡಗಳು ಶನಿವಾರ ಆಡುವುದು ಹಳೇ ರೂಢಿ, ಅದನ್ನು ಕಾಪಾಡಿದ್ದು 1961ರ ಒಂದು ಕಾನೂನು. ಕಾಲೇಜು ಆಟ ನಡೆಯುವ ತಿಂಗಳುಗಳಲ್ಲಿ ವೃತ್ತಿಪರ ಫುಟ್‌ಬಾಲಿನವರು ಶನಿವಾರದ ಟಿವಿಗೆ ಕೈ ಹಾಕದ ಹಾಗೆ ಆ ಕಾನೂನು ನೋಡಿಕೊಂಡಿತು. ಹಾಗಾಗಿ ಶನಿವಾರ ಕಾಲೇಜಿನದು, ಭಾನುವಾರ ವೃತ್ತಿಪರರದು.

ಈಗ ಆಗಸ್ಟ್ ಮೂರನೇ ವಾರ ಲಿಂಕನ್‌ಗೆ ಬಂದಿಳಿಯುವ ನಮ್ಮ ಹುಡುಗನೊಬ್ಬನನ್ನು ನೆನೆಸಿಕೊಳ್ಳಿ. ಕಾರಿಲ್ಲ. ಪರಿಚಯದವರಿಲ್ಲ. ನಾಲ್ಕು ಜನ ಸೇರಿ ಹಿಡಿದ ಬಾಡಿಗೆ ಮನೆ, ಅನ್ನ ಬೇಯಿಸಲು ಒಂದು ಕುಕ್ಕರ್. ಬ್ಯಾಂಕ್, ವೀಸಾ, ಫೀಸು ಅಂತ ಎಲ್ಲಿ ಹೋದರೂ ಒಂದು ಫಾರ್ಮು ತುಂಬಬೇಕು. ಕ್ಲಾಸ್ ಶುರುವಾಗಿ ಒಂದೆರಡು ವಾರಕ್ಕೆ ಫುಟ್‌ಬಾಲ್ ಶುರು. ಬೆಳಗ್ಗೆ ಎದ್ದು ನೋಡಿದರೆ ಊರಿಗೆ ಊರೇ ಕೆಂಪು ಬಟ್ಟೆ ಹಾಕಿದೆ. ಇವನೂ ಅಗ್ಗದ ಒಂದು ಕೆಂಪು ಟೀ ಶರ್ಟ್ ಕೊಂಡು ಹಾಕುತ್ತಾನೆ. ಅಷ್ಟಕ್ಕೇ ಬಸ್ ಸ್ಟಾಪಿನ ಅಜ್ಜಿ 'ಗೋ ಬಿಗ್ ರೆಡ್' ಅಂತ ತಂಡದ ಘೋಷಣೆ ಕೂಗುತ್ತಾಳೆ. ಅಂಗಡಿಯವನು ನಿಂತು ಮಾತಾಡಿಸುತ್ತಾನೆ. ಯಾವ ದೇಶ, ಯಾವ ಜಾತಿ, ಎಷ್ಟು ದಿನ ಇರುತ್ತೀಯ ಅಂತ ಯಾರೂ ಕೇಳುವುದಿಲ್ಲ. ಆ ಊರು ಅವನಿಗೆ ಫಾರ್ಮ್ ತುಂಬಿಸದೆ ಕೊಟ್ಟ ಮೊದಲ ವಸ್ತು ಆ ತಂಡ. ನನ್ನ ಪ್ರಕಾರ ನಿಮ್ಮ ಅಳಿಯನ ಕಥೆ ಮುಕ್ಕಾಲು ಪಾಲು ಇಷ್ಟೇ. ತಂಡವನ್ನು ಯಾರೂ ಕೂತು ಯೋಚಿಸಿ ಆರಿಸಿಕೊಳ್ಳುವುದಿಲ್ಲ. ಪಕ್ಕದಲ್ಲಿ ಕೂತವರು ಯಾರೋ, ಆ ತಂಡ ನಮ್ಮದಾಗುತ್ತದೆ.

ಹೊರಗಿನಿಂದ ಬಂದವರನ್ನು ಕಾಲೇಜು ತಂಡ ಹೀಗೆ ಒಳಗೆ ಬಿಟ್ಟುಕೊಂಡದ್ದು ಹೊಸದಲ್ಲ. ಇಂಡಿಯಾನಾ ರಾಜ್ಯದ ನೋಟರ್ ಡೇಮ್ ಕ್ಯಾಥೊಲಿಕ್ ಯೂನಿವರ್ಸಿಟಿ. 1920ರ ದಶಕದಲ್ಲಿ ಅಮೆರಿಕದಲ್ಲಿ ಕ್ಯಾಥೊಲಿಕರು ಅಂದರೆ ಅನುಮಾನ, ತಾತ್ಸಾರ. 1924ರಲ್ಲಿ ಅಲ್ಲಿನ ವಿದ್ಯಾರ್ಥಿಗಳು ಕ್ಯಾಥೊಲಿಕರನ್ನೂ ದ್ವೇಷಿಸುತ್ತಿದ್ದ ಬಿಳಿಯರ ಗುಂಪು ಕು ಕ್ಲಕ್ಸ್ ಕ್ಲಾನಿನವರ ಜೊತೆ ಬೀದಿಯಲ್ಲೇ ಹೊಡೆದಾಡಿದ್ದರು. ಅದೇ ಕಾಲದಲ್ಲಿ ನಾರ್ವೆಯಿಂದ ವಲಸೆ ಬಂದಿದ್ದ ಕೋಚ್ ನ್ಯೂಟ್ ರಾಕ್ನಿ ಆ ತಂಡವನ್ನು ದೇಶದ ಉದ್ದಗಲಕ್ಕೂ ಕರೆದುಕೊಂಡು ಹೋಗಿ ಆಡಿಸಿ ಗೆಲ್ಲಿಸಿದರು. ನ್ಯೂಯಾರ್ಕಿನಲ್ಲಿ ಸೈನ್ಯದ ಕಾಲೇಜಿನ ಎದುರು ಆಟ ಇದ್ದರೆ ಐರಿಷ್, ಇಟಾಲಿಯನ್, ಪೋಲಿಷ್ ಕೂಲಿಕಾರರು ಸಬ್‌ವೇ ರೈಲು ಹತ್ತಿ ಬರುತ್ತಿದ್ದರು. ಅವರಲ್ಲಿ ಬಹಳ ಮಂದಿ ಕಾಲೇಜಿನ ಮೆಟ್ಟಿಲು ಹತ್ತಿದವರೇ ಅಲ್ಲ. 'ಸಬ್‌ವೇ ಅಲಮ್ನೈ', ಅಂದರೆ ಸಬ್‌ವೇ ಹಳೆ ವಿದ್ಯಾರ್ಥಿಗಳು, ಅಂತಲೇ ಅವರಿಗೆ ಹೆಸರು ಬಿತ್ತು. ಓದದೇ ಇದ್ದವರೇ ಹಳೆ ವಿದ್ಯಾರ್ಥಿಗಳಾದ ಮೇಲೆ, ಎರಡು ವರ್ಷ ಫೀಸು ಕಟ್ಟಿ ಓದಿದ ನಿಮ್ಮ ಅಳಿಯನನ್ನು ಆಡಿಕೊಳ್ಳುವುದು ಹೇಗೆ ಹೇಳಿ.

ಸೋತರೂ ಯಾಕೆ ಬಿಡುವುದಿಲ್ಲ? ಇದಕ್ಕೆ ನೆಬ್ರಾಸ್ಕದವರು ಇವತ್ತಿಗೂ ಹೇಳುವ ಒಂದು ಆಟ ಇದೆ. 1984ರ ಜನವರಿ 2, ಮಯಾಮಿ ಊರಿನಲ್ಲಿ, ಮಯಾಮಿ ತಂಡದ ಎದುರು. ಆ ಸೀಸನ್ನಿನಲ್ಲಿ ನೆಬ್ರಾಸ್ಕ ಆಡಿದ 12 ಆಟವನ್ನೂ ಗೆದ್ದಿತ್ತು. ಇದರಲ್ಲಿ ಮಾತ್ರ ಹಿಂದೆ ಬಿದ್ದು, ಒದ್ದಾಡಿ, ಇನ್ನು 48 ಸೆಕೆಂಡ್ ಇದೆ ಅನ್ನುವಾಗ ಟಚ್‌ಡೌನ್ ಮಾಡಿ ಮಯಾಮಿ 31, ನೆಬ್ರಾಸ್ಕ 30 ಅನ್ನುವಲ್ಲಿಗೆ ತಂದಿತು. ಟಚ್‌ಡೌನಿಗೆ, ಅಂದರೆ ಚೆಂಡನ್ನು ಎದುರಾಳಿಯ ಕೊನೇ ಗೆರೆ ದಾಟಿಸಿದ್ದಕ್ಕೆ, ಆರು ಅಂಕ. ಅದಾದ ಮೇಲೆ ಚೆಂಡನ್ನು ಸುಮ್ನೆ ಒದ್ದು ಕಂಬದ ನಡುವೆ ಹಾಕಿದರೆ ಇನ್ನೊಂದು. ಮತ್ತೆ ಗೆರೆ ದಾಟಿಸುವ ಧೈರ್ಯ ಮಾಡಿದರೆ ಎರಡು. ಒದ್ದಿದ್ದರೆ ಆಟ ಸಮ, ದೇಶದ ಮೊದಲ ಸ್ಥಾನ ಬಹುತೇಕ ಖಚಿತ. ಕೋಚ್ ಟಾಮ್ ಆಸ್‌ಬೋರ್ನ್ ಎರಡಕ್ಕೇ ಹೋದರು. ಎಸೆದ ಚೆಂಡಿಗೆ ಎದುರಾಳಿಯ ಕೈ ತಾಗಿತು, ಕೆಳಗೆ ಬಿತ್ತು. ಮೊದಲ ಸ್ಥಾನ ಮಯಾಮಿಗೆ ಹೋಯಿತು. ಆಸ್‌ಬೋರ್ನ್ ತಮ್ಮ ಮೊದಲ ಪ್ರಶಸ್ತಿಗೆ 1994ರವರೆಗೆ ಕಾಯಬೇಕಾಯಿತು. ನಮ್ಮ ಕಡೆಯ ಕೋಚ್ ಆಗಿದ್ದರೆ ಮನೆ ಮುಂದೆ ಪ್ರತಿಕೃತಿ ಸುಡುತ್ತಿದ್ದರು. ಅಲ್ಲಿನವರು ಆ ನಿರ್ಧಾರವನ್ನು ಎದೆಗೊತ್ತಿಕೊಂಡರು. ಕೋಚ್ ಕೆಲಸ ಬಿಟ್ಟ ಮೇಲೆ ಅವರನ್ನು ಸಂಸತ್ತಿಗೂ ಆರಿಸಿ ಕಳಿಸಿದರು.

ಗೆಲುವಿಗೆ ಜನ ಸೇರುತ್ತಾರೆ, ಅದು ಮಾಮೂಲಿ. ರಾಬರ್ಟ್ ಚಿಯಾಲ್ಡಿನಿ ಅನ್ನುವ ಮನಶ್ಶಾಸ್ತ್ರಜ್ಞರು ಮತ್ತು ಜೊತೆಗಾರರು 1976ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಏಳು ಯೂನಿವರ್ಸಿಟಿಗಳಲ್ಲಿ ಸೋಮವಾರದ ಕ್ಲಾಸಿಗೆ ಯಾರು ಏನು ಹಾಕಿಕೊಂಡು ಬರುತ್ತಾರೆ ಅಂತ ನೋಡಿದ್ದರು. ಶನಿವಾರ ತಂಡ ಗೆದ್ದಿದ್ದರೆ ಕಾಲೇಜಿನ ಹೆಸರಿರುವ ಅಂಗಿಗಳು ಜಾಸ್ತಿ, ಸೋತಿದ್ದರೆ ಕಡಿಮೆ. ಹುಡುಗರ ಮಟ್ಟಿಗೆ ಇದು ಸರಿ. ಆದರೆ ಏಳು ವರ್ಷ ಸೋತ ಮೇಲೂ ಆ ಅಂಗಿಯನ್ನು ಒಗೆದು ಹಾಕಿಕೊಳ್ಳುವವರು ಬೇರೆ ಜನ. ನಿಮ್ಮ ಅಳಿಯ ಆ ಕಡೆಯವರು. ನಮಗೆ ಇದು ಅರ್ಥವಾಗದ್ದೇನಲ್ಲ. ಹದಿನೇಳು ಸೀಸನ್ ಕಪ್ ಇಲ್ಲದೆ ಕಳೆದ ಆರ್‌ಸಿಬಿಯವರು 2025ರಲ್ಲಿ ಗೆಲ್ಲುವವರೆಗೂ ಚೆನ್ನೈ ಕಡೆ ಹಾರಲಿಲ್ಲ, ಅಲ್ವಾ?

ಆಟಗಾರರ ಮೇಲಿನ ಪ್ರೀತಿ ಇದು ಅನ್ನುವ ಹಾಗೂ ಇಲ್ಲ. ಕಾಲೇಜಿನ ಹುಡುಗರು ನಾಲ್ಕೈದು ವರ್ಷಕ್ಕೆ ಓದು ಮುಗಿಸಿ ಹೋಗುತ್ತಾರೆ. ಈಚೆಗಂತೂ ಕೆಲವರು ವರ್ಷಕ್ಕೊಂದು ಕಾಲೇಜು ಬದಲಿಸುತ್ತಾರೆ. 2021ರಿಂದ ಜಾಹೀರಾತಿನ ದುಡ್ಡು ತೆಗೆದುಕೊಳ್ಳಬಹುದು, 2025ರಿಂದ ಯೂನಿವರ್ಸಿಟಿಗಳೇ ನೇರವಾಗಿ ದುಡ್ಡು ಕೊಡಬಹುದು. ಹಳಬರು ಇದಕ್ಕೆ ಗೊಣಗುತ್ತಾರೆ. ಗೊಣಗುತ್ತಲೇ ಟಿವಿ ಹಚ್ಚುತ್ತಾರೆ. ಹುಡುಗರ ಬೆವರಿನ ಮೇಲೆ ಇಷ್ಟು ದಶಕ ಬೇರೆಯವರು ದುಡ್ಡು ಮಾಡಿದ ಮೇಲೆ ಅವರಿಗೂ ಪಾಲು ಸಿಗಲಿ ಅನ್ನುವುದು ನನ್ನ ಅಭಿಪ್ರಾಯ. ಅದಿರಲಿ.

ನಿಮ್ಮ ಮೊಮ್ಮಗನ ವಿಷಯ. ಬೇಸ್‌ಬಾಲ್ ಅಭಿಮಾನಿಗಳ ಫೇಸ್‌ಬುಕ್ ಲೈಕುಗಳನ್ನು ಜರಡಿ ಹಿಡಿದು 2014ರಲ್ಲಿ ಒಂದು ಲೆಕ್ಕ ಪ್ರಕಟವಾಗಿತ್ತು. ಗಂಡುಮಕ್ಕಳಿಗೆ ಎಂಟು ವರ್ಷದ ಆಸುಪಾಸಿನಲ್ಲಿ ಯಾವ ತಂಡ ಪ್ರಶಸ್ತಿ ಗೆಲ್ಲುತ್ತದೋ ಅದರ ಗುಂಗು ದೊಡ್ಡವರಾದ ಮೇಲೂ ಉಳಿಯುತ್ತದೆ ಅಂತ. ಆ ಲೆಕ್ಕಕ್ಕೆ ನಿಮ್ಮ ಮೊಮ್ಮಗ ಬೇರೆ ಯಾವುದೋ ತಂಡ ಹಿಡಿಯಬೇಕಿತ್ತು. ನೆಬ್ರಾಸ್ಕ ಪ್ರಶಸ್ತಿ ಗೆದ್ದಾಗ ಅವನು ಹುಟ್ಟಿರಲೇ ಇಲ್ಲ. ಅವನನ್ನು ಹಿಡಿದಿರುವುದು ಗೆಲುವಲ್ಲ, ಅಪ್ಪ. ವಾರವಿಡೀ ಲ್ಯಾಪ್‌ಟಾಪ್ ಹಿಂದೆ ಇರುವ ಅಪ್ಪ ಶನಿವಾರ ಮೂರೂವರೆ ಗಂಟೆ ಅವನ ಪಕ್ಕದಲ್ಲೇ ಸೋಫಾದ ಮೇಲೆ ಇರುತ್ತಾರೆ. ಕೂಗುತ್ತಾರೆ, ತಲೆ ಚಚ್ಚಿಕೊಳ್ಳುತ್ತಾರೆ, ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತಾರೆ. ಎಂಟು ವರ್ಷದ ಹುಡುಗನಿಗೆ ಇನ್ನೇನು ಬೇಕು?

ನೀವೂ ಒಂದು ಶನಿವಾರ ಕೂತು ನೋಡಿ. ನಿಯಮ ಕಷ್ಟ ಇಲ್ಲ. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು ಪ್ರಯತ್ನ. ಉಳಿದದ್ದನ್ನು ಮೊಮ್ಮಗನ ಕೈಲಿ ಹೇಳಿಸಿಕೊಳ್ಳಿ, ಅವನಿಗೂ ಖುಷಿ. ಒಂದೇ ಒಂದು ಎಚ್ಚರ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಾರನೇ ದಿನ, ಶುಕ್ರವಾರ, ಸಾಮಾನ್ಯವಾಗಿ ಪಕ್ಕದ ರಾಜ್ಯ ಅಯೋವಾ ಜೊತೆ ಆಟ ಇರುತ್ತದೆ. 2015ರಿಂದ 2021ರವರೆಗೆ ಏಳು ವರ್ಷವೂ ಗೆದ್ದದ್ದು ಅಯೋವಾ. ಅವತ್ತು ಆಟ ಮುಗಿದ ಮೇಲೆ ಅಳಿಯನ ಹತ್ತಿರ ಸ್ಕೋರ್ ಕೇಳಲು ಹೋಗಬೇಡಿ. ಊಟಕ್ಕೆ ಏಳಿ ಅಂತ ಮಗಳ ಕೈಲೇ ಹೇಳಿಸಿ.

— ಸಂ.