ಹೊಳೆಯುವ ಜಿಂಕ್ ಆಕ್ಸೈಡ್ ಪುಡಿಯಿಂದ ಗ್ಯಾಸ್ ಪತ್ತೆ ಮಾಡಬಹುದಾ?

ಗ್ಯಾಸ್ ಪತ್ತೆಗೆ ಬಳಸುವ ಎಂಕ್ಯೂ ಸೆನ್ಸರ್ ಬದಲು ಹೊಳೆಯುವ ಜಿಂಕ್ ಆಕ್ಸೈಡ್ ನ್ಯಾನೋ ಪುಡಿ ಇಟ್ಟು ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ಹತ್ತಿರ ವಾಹನದ ಹೊಗೆ ಅಳೆಯಬಹುದಾ, ಕಾಲೇಜ್ ಪ್ರಾಜೆಕ್ಟ್‌ಗೆ ಆಗುತ್ತದಾ ಅಂತ ಕೇಳಿದ್ದೀರಿ.

ಲ್ಯಾಬಿನಲ್ಲಿ ಆಗುತ್ತದೆ. ಸಿಲ್ಕ್ ಬೋರ್ಡ್‌ನಲ್ಲಿ ಕಷ್ಟ. ಎರಡು ವರ್ಷ ಇದೇ ಪುಡಿ ಜೊತೆ ಒದ್ದಾಡಿದ್ದೇನೆ.

ಎಸ್.ಪಿ. ರೋಡಿನಲ್ಲಿ ಸಿಗುವ ಎಂಕ್ಯೂ ಸೆನ್ಸರ್ ಒಳಗಿರುವುದೂ ಆಕ್ಸೈಡೇ, ತವರದ್ದು. ಗ್ಯಾಸ್ ತಗುಲಿದಾಗ ಅದರ ರೆಸಿಸ್ಟೆನ್ಸ್ ಬದಲಾಗುತ್ತದೆ, ಆದರೆ ಹೀಟರ್ ಸದಾ ಉರಿಯುತ್ತಿರಬೇಕು. ಬೆಳಕಿನ ವಿಧಾನಕ್ಕೆ ಹೀಟರ್ ಬೇಡ, ಪುಡಿಗೆ ವೈರ್ ಕೂಡ ಬೇಡ. 365 ನ್ಯಾನೋಮೀಟರ್ ಯುವಿ ಎಲ್‌ಇಡಿ ಬಿಟ್ಟರೆ ಪುಡಿ ಹಸಿರಾಗಿ ಹೊಳೆಯುತ್ತದೆ. ಮಾಡಿದ ರೀತಿ ಬೇರೆಯಾದರೆ ಹಳದಿಗೂ ತಿರುಗುತ್ತದೆ. ಹರಳಿನೊಳಗಿನ ಕೊರತೆಗಳಿಂದ ಬರುವ ಬೆಳಕು ಅದು. ವಾಹನದ ಹೊಗೆಯಲ್ಲಿರುವ ನೈಟ್ರೋಜನ್ ಡೈಆಕ್ಸೈಡ್ ಪುಡಿಯ ಮೇಲ್ಮೈಗೆ ಅಂಟಿಕೊಂಡು ಎಲೆಕ್ಟ್ರಾನ್ ಕಸಿದರೆ ಹೊಳಪು ತಗ್ಗುತ್ತದೆ. ಕಣ ಸಣ್ಣದಾದಷ್ಟೂ ಮೇಲ್ಮೈ ಜಾಸ್ತಿ, ನ್ಯಾನೋ ಬೇಕಾಗುವುದು ಅದಕ್ಕೇ.

ಹೊಳಪು ತಗ್ಗುವುದು ಸುಲಭ. ಗ್ಯಾಸಿನಿಂದಲೇ ತಗ್ಗಿತು ಅಂತ ಹೇಳುವುದು ಕಷ್ಟ. ಒಂದು ಜುಲೈ ಮಧ್ಯಾಹ್ನ ನನ್ನ ರೀಡಿಂಗ್ ಚೆನ್ನಾಗಿ ಇಳಿಯಿತು. ಖುಷಿಯಾಗಿ ಗೆಳೆಯನನ್ನು ಕರೆದು ತೋರಿಸಿದೆ. ಅವನು ಸಿಲಿಂಡರ್ ಕಡೆ ನೋಡಿ, "ವಾಲ್ವ್ ತಿರುಗಿಸೇ ಇಲ್ವಲ್ಲೋ" ಅಂದ. ಹೊರಗೆ ಮಳೆ, ಕಿಟಕಿ ತೆರೆದಿತ್ತು. ನೀರಾವಿಯೂ ಮೇಲ್ಮೈಗೆ ಅಂಟುತ್ತದೆ ಅಲ್ವಾ! ಮೇಲಾಗಿ ಎಲ್‌ಇಡಿ ಬಿಸಿಯಾದಂತೆ ಮಂಕಾಗುತ್ತದೆ. ಯುವಿ ಬಿದ್ದಾಗ ಮೇಲ್ಮೈಯ ಆಕ್ಸಿಜನ್ ಬಿಟ್ಟುಹೋಗಿ ಹೊಳಪು ತಾನಾಗಿಯೇ ಬದಲಾಗುತ್ತಾ ಹೋಗುತ್ತದೆ.

ಅದಕ್ಕೆ ಬೆಳಕು ಅಳೆಯುವ ಎರಡು ಫೋಟೋಡಯೋಡ್ ಇಡಿ: ಒಂದು ಪುಡಿಯ ಕಡೆ, ಯುವಿ ತಡೆಯುವ ಫಿಲ್ಟರ್ ಹಾಕಿ, ಇನ್ನೊಂದು ಎಲ್‌ಇಡಿ ಕಡೆ. ಮೊದಲಿನದ್ದನ್ನು ಎರಡನೆಯದರಿಂದ ಭಾಗಿಸಿ. ಒಣ ಗಾಳಿಯಲ್ಲಿ ರೀಡಿಂಗ್ ನಿಲ್ಲುವವರೆಗೆ ಕಾಯಿರಿ. 380 ನ್ಯಾನೋಮೀಟರ್ ಹತ್ತಿರ ಪುಡಿ ಕೊಡುವ ಇನ್ನೊಂದು ಬೆಳಕಿನ ಆಸೆ ಬಿಡಿ, ಎಲ್‌ಇಡಿಯ ಬೆಳಕಿನಲ್ಲೇ ಅದು ಮುಳುಗಿಹೋಗುತ್ತದೆ. ಯುವಿ ಕನ್ನಡಕ ಮಾತ್ರ ಮರೆಯಬೇಡಿ.

ನೈಟ್ರೋಜನ್ ಡೈಆಕ್ಸೈಡ್ ವಿಷ, ಸುಮ್ನೆ ಅದನ್ನು ರೂಮಿನಲ್ಲಿ ತಯಾರಿಸಲು ಹೋಗಬೇಡಿ. ನಾನಾಗಿದ್ದರೆ ಪ್ರಾಜೆಕ್ಟನ್ನೇ ಬದಲಿಸಿ ಟೈಟಾನಿಯಂ ಡೈಆಕ್ಸೈಡ್ ಹಿಡಿಯುತ್ತಿದ್ದೆ. ಅದರಲ್ಲೊಂದು ಮಜಾ ಇದೆ: ಆಕ್ಸಿಜನ್ ತಾಗಿದರೆ ಅನಾಟೇಸ್ ಎಂಬ ಹರಳು ರೂಪದ ಹೊಳಪು ತಗ್ಗುತ್ತದೆ, ರೂಟೈಲ್ ಎಂಬ ಇನ್ನೊಂದು ರೂಪದ್ದು ಏರುತ್ತದೆ. ರೂಟೈಲ್‌ನ ಬೆಳಕು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಡೆಗಿದೆ, ಸಿಲಿಕಾನ್ ಫೋಟೋಡಯೋಡ್‌ಗೆ ಕಾಣುತ್ತದೆ. ಗ್ಯಾಸ್ ಬೇಕೆಂದರೆ ಕೆಮಿಸ್ಟ್ರಿ ಡಿಪಾರ್ಟ್‌ಮೆಂಟಿನ ನೈಟ್ರೋಜನ್ ಸಿಲಿಂಡರ್ ಸಾಕು. ಒಮ್ಮೆ ನೈಟ್ರೋಜನ್, ಒಮ್ಮೆ ಒಣ ಗಾಳಿ ಬಿಟ್ಟು ನೋಡಿ.