ಅಡುಗೆಮನೆಯ ಹಣ್ಣುನೊಣ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಳೆ ಹಿಡಿದ ಮೇಲೆ ಮುಂಬಯಿ, ಪುಣೆ, ಗೋವಾದ ಓದುಗರಿಂದ ಒಂದೇ ವಿಷಯದ ಪತ್ರಗಳು ಬರುತ್ತಿವೆ: ಬಾಳೆಹಣ್ಣಿನ ಸುತ್ತ ಹಾರುವ ಪುಟ್ಟ ನೊಣ. ಊರ ಕಡೆ ಇದಕ್ಕೆ ಗುಂಗುರು, ನುಸಿ ಎಂದು ಒಂದೊಂದು ಕಡೆ ಒಂದೊಂದು ಹೆಸರು; ಇಲ್ಲಿಯ ಮರಾಠಿ ನೆರೆಯವರ ಬಾಯಲ್ಲಿ ಚಿಲಟ. ಆದರೆ ಬಂದ ಪತ್ರಗಳೆಲ್ಲ ಒಂದೇ ಕೀಟದ ಬಗ್ಗೆ ಅಲ್ಲ. ಯಾವುದು ಯಾವುದೆಂದು ಗೊತ್ತಾಗದೆ ಔಷಧಿ ಮಾಡಿದರೆ ದುಡ್ಡೂ ದಂಡ, ಶ್ರಮವೂ ದಂಡ. ಹಾಗಾಗಿ ಈ ಸಲದ ಅಂಕಣವನ್ನು ಪೂರ್ತಿ ಇದಕ್ಕೇ ಬಿಟ್ಟಿದ್ದೇವೆ.

ಬಾಳೆಹಣ್ಣು ತರುವುದನ್ನೇ ನಿಲ್ಲಿಸಿ ಎಂಟು ದಿನವಾಯಿತು. ಆದರೂ ಕಟ್ಟೆಯ ಮೇಲೆ, ಚಹಾ ಲೋಟದ ಅಂಚಿನಲ್ಲಿ ನೊಣ ಹಾಗೇ ಇವೆ. ಎಲ್ಲಿಂದ ಬರುತ್ತಿವೆ?
— ಗೃಹಿಣಿ, ಡೊಂಬಿವಲಿ ಪೂರ್ವ

ನೀವು ಬರೆದ ಆ ಎಂಟು ದಿನದಲ್ಲೇ ಉತ್ತರವಿದೆ. ಇಂದು ನಿಮ್ಮ ಲೋಟದ ಮೇಲೆ ಕೂತ ನೊಣ ಸುಮಾರು ಎಂಟು-ಹತ್ತು ದಿನದ ಹಿಂದೆ ಮೊಟ್ಟೆಯಾಗಿತ್ತು. 25 ಡಿಗ್ರಿ ಸೆಖೆಯಲ್ಲಿ ಮೊಟ್ಟೆಯಿಂದ ನೊಣವಾಗಲು ಹತ್ತು ದಿನ ಸಾಕು. 28-29 ಡಿಗ್ರಿಯಲ್ಲಿ ಏಳೆಂಟು ದಿನವೇ ಸಾಕು. ಮಳೆಗಾಲದ ಮುಂಬಯಿ ಅಡುಗೆಮನೆ ಇದೇ ಹದದಲ್ಲಿರುತ್ತದೆ. ಮೊಟ್ಟೆ ಒಂದು ದಿನದಲ್ಲಿ ಒಡೆಯುತ್ತದೆ. ಮರಿಹುಳು ನಾಲ್ಕೈದು ದಿನ ಕೊಳೆತದ್ದನ್ನು ತಿನ್ನುತ್ತದೆ. ಆಮೇಲೆ ಒದ್ದೆ ಜಾಗ ಬಿಟ್ಟು ಒಣಗಿದ ಕಡೆಗೆ ಹತ್ತಿ ಕೋಶವಾಗಿ ಅಂಟಿಕೊಳ್ಳುತ್ತದೆ, ಮತ್ತೆ ನಾಲ್ಕು ದಿನಕ್ಕೆ ನೊಣ ಹೊರಗೆ. ಹುಟ್ಟಿದ ಅರ್ಧ ದಿನದೊಳಗೆ ಅದು ಕೂಡುವುದಕ್ಕೆ ತಯಾರು, ಒಂದು ಹೆಣ್ಣು ತನ್ನ ಆಯುಷ್ಯದಲ್ಲಿ ನಾನೂರು-ಐನೂರು ಮೊಟ್ಟೆ ಇಡಬಲ್ಲದು. ಈ ದಿನಗಳ ಲೆಕ್ಕ ಇಷ್ಟು ಖಚಿತವಾಗಿರುವುದಕ್ಕೆ ಕಾರಣವಿದೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ 1910ರ ಹೊತ್ತಿಗೇ ಇದೇ ಡ್ರೊಸೊಫಿಲ ನೊಣವನ್ನು ಹಾಲಿನ ಬಾಟಲಿಗಳಲ್ಲಿ ಬಾಳೆಹಣ್ಣು ಹಾಕಿ ಸಾಕಿ ಅನುವಂಶೀಯತೆ ಅಧ್ಯಯನ ಮಾಡಿದರು. 1933ರಲ್ಲಿ ಅವರಿಗೆ ನೊಬೆಲ್ ಬಂತು.

ಎಂಟು ದಿನ ಕಳೆದೂ ನೊಣ ಕಡಿಮೆಯಾಗಿಲ್ಲವೆಂದರೆ ಬಾಳೆಹಣ್ಣಲ್ಲದೆ ಇನ್ನೊಂದು ಹುಟ್ಟುವ ಜಾಗ ಮನೆಯಲ್ಲಿದೆ. ಮೊದಲು ಈರುಳ್ಳಿ-ಬಟಾಟೆ ಬುಟ್ಟಿಯನ್ನು ಪೇಪರಿನ ಮೇಲೆ ಪೂರ್ತಿ ಸುರುವಿ ನೋಡಿ. ಮೇಲಿನವೆಲ್ಲ ಗಟ್ಟಿಯಾಗೇ ಇರುತ್ತವೆ, ತಳದ ಒಂದೇ ಒಂದು ಬಟಾಟೆ ಒತ್ತಿದರೆ ಬೆರಳು ಒಳಗೆ ಹೋಗುತ್ತದೆ. ಅದನ್ನು ಸೀಳಿದರೆ ಮೂರು-ನಾಲ್ಕು ಮಿಲಿಮೀಟರಿನ ಬಿಳಿ ಹುಳ ಕಾಣುತ್ತವೆ, ಬಾಯಿಯ ತುದಿಯಲ್ಲಿ ಕಪ್ಪು ಚುಕ್ಕೆ. ಬುಟ್ಟಿಯ ಹೆಣಿಗೆಯಲ್ಲಿ ಅರ್ಧ ಜೀರಿಗೆಯಷ್ಟು ಕಂದು ಕಾಳು ಅಂಟಿದ್ದರೆ ಅದು ಕೋಶ. ಕೊಳೆತ ಬಟಾಟೆಯನ್ನಷ್ಟೇ ಎಸೆದು ಬುಟ್ಟಿ ತೊಳೆಯದೆ ಬಿಟ್ಟವರ ಮನೆಯಲ್ಲಿ ನಾಲ್ಕು ದಿನಕ್ಕೆ ಮತ್ತೆ ನೊಣ ಏಳುವುದು ಇದಕ್ಕೇ. ಬುಟ್ಟಿಯನ್ನು ಬಿಸಿನೀರು, ಸೋಪು ಹಾಕಿ ಬ್ರಶ್ಶಿನಿಂದ ಉಜ್ಜಿ, ಪೂರ್ತಿ ಒಣಗಿಸಿ.

ಅಲ್ಲಿ ಸಿಗದಿದ್ದರೆ ಕಸದ ಡಬ್ಬಿಯ ಚೀಲ ಎತ್ತಿ ತಳ ನೋಡಿ. ಚೀಲದಿಂದ ಸೋರಿದ ಒಂದು ಚಮಚ ನೀರು ನೂರಾರು ಹುಳಕ್ಕೆ ಸಾಕು. ಡಬ್ಬಿಯ ಮುಚ್ಚಳದ ಒಳ ಅಂಚು ಕೋಶಗಳಿಗೆ ಬಹಳ ಇಷ್ಟ. ತೊಳೆಯದೆ ಇಟ್ಟ ಜ್ಯೂಸಿನ, ಬಿಯರಿನ ಖಾಲಿ ಬಾಟಲಿ, ಒದ್ದೆ ಸ್ಪಂಜು, ಹಿಂಡದೆ ಬಿಟ್ಟ ನೆಲ ಒರೆಸುವ ಬಟ್ಟೆ, ಮಿಕ್ಸರಿನ ಅಡಿ ಒಣಗಿದ ಚಟ್ನಿ, ಫ್ರಿಜ್ಜಿನ ಹಿಂದಿನ ನೀರಿನ ಟ್ರೇ ಇವೂ ಇವೆ. ಎಲ್ಲರೂ ಮರೆಯುವ ಜಾಗ ದೇವರ ಗೂಡು. ನೈವೇದ್ಯಕ್ಕಿಟ್ಟ ಬಾಳೆಹಣ್ಣು, ಒಡೆದ ಕಾಯಿಯ ನೀರು, ಮೂಲೆಯ ಚೀಲದಲ್ಲಿ ಕೂಡಿಟ್ಟ ನಿರ್ಮಾಲ್ಯದ ಒದ್ದೆ ಹೂವು. ಗಣಪತಿ ಹಬ್ಬದ ವಾರದಲ್ಲಿ ನೊಣ ಏರುವ ಮನೆಗಳಲ್ಲಿ ಮೊದಲು ಅಲ್ಲಿ ನೋಡಬೇಕು.

ಬಿಳಿ ವಿನಿಗರ್ ಬಟ್ಟಲಲ್ಲಿ ಹಾಕಿ ಇಟ್ಟೆ, ಎರಡು ದಿನ ಕಾದರೂ ಒಂದು ನೊಣವೂ ಬೀಳಲಿಲ್ಲ. ತಪ್ಪೇನು?
— ಓದುಗರು, ಕೊಥ್ರೂಡ್, ಪುಣೆ

ತಪ್ಪು ವಿನಿಗರಿನದು. ಕಿರಾಣಿ ಅಂಗಡಿಯ ಅಗ್ಗದ ಬಿಳಿ ವಿನಿಗರ್ ಹೆಚ್ಚಾಗಿ ನೀರಿಗೆ ಅಸಿಟಿಕ್ ಆಮ್ಲ ಬೆರೆಸಿದ್ದು, ಬಾಟಲಿಯ ಮೇಲೆ ಸಿಂಥೆಟಿಕ್ ಎಂದು ಬರೆದೇ ಇರುತ್ತದೆ. ನೊಣ ಹುಡುಕುವುದು ಬರೀ ಹುಳಿಯನ್ನಲ್ಲ. ಹಣ್ಣು ಹುಳಿತು ಯೀಸ್ಟ್ ಬೆಳೆದಾಗ ಬರುವ ಆ ಸಾರಾಯಿ, ಹಣ್ಣು, ಹುಳಿ ಕೂಡಿದ ವಾಸನೆಯನ್ನು. ಅದು ಆ್ಯಪಲ್ ಸೈಡರ್ ವಿನಿಗರಿನಲ್ಲಿದೆ. ಅದು ದುಬಾರಿ ಎನಿಸಿದರೆ ಮನೆಯಲ್ಲೇ ಮಾಡಬಹುದು: ಕಪ್ಪಾದ ಅರ್ಧ ಬಾಳೆಹಣ್ಣು ಕಿವುಚಿ, ಒಂದು ಚಮಚ ಬೆಲ್ಲ, ಕಾಲು ಕಪ್ ಉಗುರುಬೆಚ್ಚಗಿನ ನೀರು, ಇದ್ದರೆ ಒಂದು ಚಿಟಿಕೆ ಬೇಕರಿ ಯೀಸ್ಟ್ ಸೇರಿಸಿ ಒಂದು ದಿನ ಮುಚ್ಚಿಡಿ. ನೊರೆ ಎದ್ದು ಹೆಂಡದ ವಾಸನೆ ಬಂದರೆ ಸಿದ್ಧ. ಸೋಸಿ ನೀರನ್ನಷ್ಟೇ ಬಳಸಿ.

ನೆಟ್ಟಗಿನ ಗಾಜಿನ ಲೋಟದಲ್ಲಿ ಈ ನೀರು ಅಥವಾ ವಿನಿಗರ್ ಎರಡು ಬೆರಳಷ್ಟು, ಅಂದರೆ ಸುಮಾರು 50 ಮಿಲಿ ಹಾಕಿ. ಪಾತ್ರೆ ತೊಳೆಯುವ ಲಿಕ್ವಿಡ್ ಎರಡೇ ಹನಿ. ಕಲಕುವಾಗ ನೊರೆ ಏಳಬಾರದು. ಸೋಪು ಯಾಕೆಂದರೆ, ಬರೀ ನೀರಿನ ಮೇಲ್ಮೈ ಈ ಹಗುರ ನೊಣಕ್ಕೆ ಚಾಪೆಯಿದ್ದಂತೆ: ಕೂತು ಕುಡಿದು ಹಾರಿಹೋಗುತ್ತದೆ. ಸೋಪು ಆ ಬಿಗುವನ್ನು ಮುರಿಯುತ್ತದೆ, ಕಾಲಿಟ್ಟ ನೊಣ ಮುಳುಗುತ್ತದೆ. ಸೋಪು ಜಾಸ್ತಿಯಾದರೆ ನಿಂಬೆ ಪರಿಮಳವೇ ಮೇಲಾಗುತ್ತದೆ, ನೊರೆ ಮತ್ತೆ ಚಾಪೆಯಾಗುತ್ತದೆ. ಬಾಯಿಗೆ ಕಾಗದದ ಶಂಕು ಇಡಿ. ಅದರ ತುದಿಯ ತೂತು ನಾಲ್ಕೈದು ಮಿಲಿಮೀಟರ್ ಇರಲಿ, ತುದಿಗೂ ನೀರಿಗೂ ನಡುವೆ ಒಂದಂಗುಲ ಬಿಡಿ, ಲೋಟದ ಅಂಚಿಗೆ ಟೇಪು ಸುತ್ತಿ. ಒಳಗೆ ಹೋದ ನೊಣಕ್ಕೆ ಆ ತೂತು ಮತ್ತೆ ಸಿಗುವುದು ಅಪರೂಪ.

ಇಡುವ ಜಾಗವೂ ಮುಖ್ಯ. ಪಕ್ಕದಲ್ಲೇ ತೆರೆದ ಹಣ್ಣಿನ ತಟ್ಟೆ ಇದ್ದರೆ ಅವು ನಿಮ್ಮ ಲೋಟವನ್ನು ಬಿಟ್ಟು ಹಣ್ಣಿಗೇ ಹೋಗುತ್ತವೆ. ಹಣ್ಣನ್ನೆಲ್ಲ ಫ್ರಿಜ್ಜಿಗೆ ಹಾಕಿ, ಫ್ಯಾನಿನ ಗಾಳಿ ತಾಗದ ಕಡೆ, ನೊಣ ಹೆಚ್ಚು ಕಂಡಲ್ಲಿ ಒಂದು, ಕಸದ ಡಬ್ಬಿಯ ಬಳಿ ಒಂದು ಇಡಿ. ಮುಂಜಾನೆ ಮತ್ತು ಸಂಜೆ ಅವು ಚುರುಕಾಗಿ ಓಡಾಡುವ ಹೊತ್ತು, ಬಿದ್ದಿವೆಯೇ ಎಂದು ರಾತ್ರಿ ನೋಡಿದರೆ ಸಾಕು. ಎರಡು-ಮೂರು ದಿನಕ್ಕೊಮ್ಮೆ ನೀರು ಬದಲಿಸಿ, ಹಳೆಯದನ್ನು ಟಾಯ್ಲೆಟ್ಟಿಗೆ ಸುರಿಯಿರಿ, ಕಸದ ಡಬ್ಬಿಗೆ ಬೇಡ. ಹಣ್ಣಿನ ಚೂರನ್ನು ಲೋಟದಲ್ಲಿ ವಾರಗಟ್ಟಲೆ ಬಿಡಬೇಡಿ, ನೀರಿನಿಂದ ಮೇಲೆ ಉಳಿದ ಚೂರಿನಲ್ಲಿ ಅವು ಮೊಟ್ಟೆ ಇಡುತ್ತವೆ. ಕೊನೆಯ ನೊಣ ಕಂಡ ದಿನದಿಂದ ಎರಡು ವಾರ ಲೋಟ ಎತ್ತಬೇಡಿ. ನಾಲ್ಕು ದಿನಕ್ಕೇ "ಹೋಯಿತು" ಎಂದು ಎತ್ತಿದ ಕಡೆ, ಅಷ್ಟರಲ್ಲಿ ಕೋಶದಲ್ಲಿದ್ದವು ಹೊರಬಂದು ಮತ್ತೆ ಶುರು.

ಲೋಟ ಹಾರುವ ನೊಣವನ್ನಷ್ಟೇ ಹಿಡಿಯುತ್ತದೆ, ಹುಳುವನ್ನಲ್ಲ. ಕೊಳೆತ ಬಟಾಟೆ ಬುಟ್ಟಿಯಲ್ಲೇ ಇದ್ದರೆ ದಿನಕ್ಕೆ ಇಪ್ಪತ್ತು ಬಿದ್ದರೂ ಇಪ್ಪತ್ತೈದು ಹುಟ್ಟುತ್ತಿರುತ್ತವೆ.

ನಮ್ಮಲ್ಲಿ ನೊಣ ಹಣ್ಣಿನ ಮೇಲಲ್ಲ, ಮೋರಿಯ ಹತ್ತಿರ ಗೋಡೆಗೆ ಅಂಟಿ ಕೂರುತ್ತವೆ. ಬೂದು ಬಣ್ಣ, ರೆಕ್ಕೆಯ ಮೇಲೆ ಧೂಳಿದ್ದ ಹಾಗೆ. ಆ್ಯಸಿಡ್ ಸುರಿದೆ, ಕುದಿಯುವ ನೀರು ಹಾಕಿದೆ, ಹೋಗಲಿಲ್ಲ.
— ಓದುಗರು, ವಾಸ್ಕೋ, ಗೋವಾ

ಇದು ಹಣ್ಣುನೊಣವಲ್ಲ, ಮೋರಿನೊಣ. ಹಣ್ಣುನೊಣ ಕಂದು-ಹಳದಿ, ಕಣ್ಣು ಕೆಂಪು, ಎರಡೂವರೆ-ಮೂರು ಮಿಲಿಮೀಟರ್. ಮೋರಿನೊಣದ ರೆಕ್ಕೆ ರೋಮಭರಿತ, ಪುಟ್ಟ ಪತಂಗದಂತೆ. ಹಾರಾಟ ಕುಪ್ಪಳಿಸಿದ ಹಾಗೆ, ದೂರ ಹೋಗುವುದಿಲ್ಲ. ವಿನಿಗರಿನ ಲೋಟಕ್ಕೆ ಅದು ಬಗ್ಗದು. ಖಚಿತವಾಗಬೇಕೆಂದರೆ ರಾತ್ರಿ ಜಾಳಿಯನ್ನು ಒಣಗಿಸಿ, ಅದರ ಮೇಲೆ ಅಂಟು ಕೆಳಗಾಗಿ ಅಗಲ ಟೇಪು ಹಾಕಿ, ಗಾಳಿ ಹೋಗಲು ಒಂದು ಬದಿ ಸ್ವಲ್ಪ ಬಿಡಿ. ಬೆಳಿಗ್ಗೆ ಟೇಪಿಗೆ ಅಂಟಿದ್ದರೆ ಹುಟ್ಟುವುದು ಅಲ್ಲಿಯೇ. ಅಡುಗೆಮನೆಯ ಸಿಂಕು, ಬಚ್ಚಲು, ವಾಶಿಂಗ್ ಮಶೀನಿನ ಪೈಪು ಇಳಿಯುವ ಜಾಳಿ ಎಲ್ಲದಕ್ಕೂ ಹೀಗೆ ಮಾಡಿ, ಯಾವುದೆಂದು ಗೊತ್ತಾಗುತ್ತದೆ.

ಇದರ ಹುಳು ಇರುವುದು ಪೈಪಿನ ಒಳಗೋಡೆಗೆ ಹತ್ತಿದ ಲೋಳೆಯಲ್ಲಿ. ನೀವು ಸುರಿದ ಆ್ಯಸಿಡ್ ನಡುವಿನ ದಾರಿಯಲ್ಲಿ ಜಾರಿಹೋಗಿದೆ, ಲೋಳೆ ಅಲ್ಲೇ ಉಳಿದಿದೆ. ಇದಕ್ಕೆ ಉಜ್ಜುವುದೊಂದೇ ದಾರಿ. ಜಾಳಿ ತೆಗೆದು ಅದರಡಿಯ ನಹಾನಿ ಟ್ರ್ಯಾಪಿನೊಳಗಿನ (ಮೋರಿಯ ಬಾಯಲ್ಲಿ ನೀರು ನಿಲ್ಲುವ ಗುಂಡಿಯೊಳಗಿನ) ಬಟ್ಟಲನ್ನು ಹೊರಗೆಳೆಯಿರಿ. ಅದರ ಅಂಚಿನಲ್ಲಿ, ಬಟ್ಟಲು ಕೂರುವ ತೋಡಿನಲ್ಲಿ ಕೂದಲು, ಸೋಪಿನ ಜಿಡ್ಡು ಬೆರೆತ ಕಪ್ಪು ಲೋಳೆ ಒಂದು ದಪ್ಪ ಪದರವಾಗಿರುತ್ತದೆ. ಹಳೆಯ ಚಮಚದಿಂದ ಅದನ್ನು ಕೆರೆದು ತೆಗೆದು ಪೇಪರಿನಲ್ಲಿ ಸುತ್ತಿ ಎಸೆಯಿರಿ. ಆಮೇಲೆ ಉದ್ದ ಹಿಡಿಯ ಬಾಟಲ್ ಬ್ರಶ್ಶಿಗೆ ಪಾತ್ರೆ ಸೋಪು ಹಚ್ಚಿ ಪೈಪಿನ ಬಾಯಿ ಕೈ ಹೋದಷ್ಟು ದೂರ ಉಜ್ಜಿ, ಒಂದು ಬಕೆಟ್ ಬಿಸಿನೀರು ಸುರಿಯಿರಿ. ಸಿಂಕಿನ ಅಡಿಯ ಬಾಟಲ್ ಟ್ರ್ಯಾಪನ್ನೂ ಕೆಳಗೆ ಬಕೆಟ್ ಇಟ್ಟು ತಿರುಗಿಸಿ ಬಿಚ್ಚಿ ತೊಳೆಯಿರಿ. ಮತ್ತೆ ಹಾಕುವಾಗ ವಾಶರ್ ಸರಿಯಾಗಿ ಕೂರದಿದ್ದರೆ ಸೋರಿ ಕಪಾಟಿನ ತಳ ಒದ್ದೆಯಾಗುತ್ತದೆ, ಆಗ ಹೊಸ ತಾಣ ಸಿಕ್ಕಿತು. ಮೂರು ದಿನಕ್ಕೊಮ್ಮೆಯಂತೆ ಮೂರು ವಾರ ಮಾಡಿ.

ಎರಡು ಎಚ್ಚರಿಕೆ. ಕುದಿಯುವ ನೀರು ಬೇಡ: ಪಿವಿಸಿ ಪೈಪು 80 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ, ಜೋಡಣೆ ಸಡಿಲಾಗುತ್ತದೆ. ಇನ್ನೊಂದು ಜೀವಕ್ಕೇ ಸಂಬಂಧಿಸಿದ್ದು. ಟಾಯ್ಲೆಟ್ಟಿನ ಆ್ಯಸಿಡ್ ಇರಲಿ, ವಿನಿಗರ್ ಇರಲಿ, ಬ್ಲೀಚಿನ ಜೊತೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಂಬಯಿ, ಗೋವಾದ ಕಿಟಕಿಯಿಲ್ಲದ ಸಣ್ಣ ಬಚ್ಚಲುಗಳಲ್ಲಿ ಅದು ನೇರ ಶ್ವಾಸಕೋಶಕ್ಕೆ. ನಿನ್ನೆ ಆ್ಯಸಿಡ್ ಹಾಕಿದ ಮೋರಿಗೆ ಇಂದು ಬ್ಲೀಚ್ ಸುರಿಯುವುದೂ ಬೇಡ. ಅಡುಗೆಸೋಡಾ-ವಿನಿಗರ್ ಬೆರೆಸಿದರೆ ಬುಸುಗುಟ್ಟುವುದು ನೋಡಲು ಚೆಂದ, ಆದರೆ ಒಂದನ್ನೊಂದು ನಿಷ್ಕ್ರಿಯ ಮಾಡಿಕೊಳ್ಳುತ್ತವೆ, ಲೋಳೆಗೆ ಏನೂ ಆಗುವುದಿಲ್ಲ.

ಬಳಸದ ಬಚ್ಚಲಿದ್ದರೆ ಅದರ ಟ್ರ್ಯಾಪಿನ ನೀರು ಆರಿ ನೊಣಕ್ಕೆ ದಾರಿಯಾಗುತ್ತದೆ. ವಾರಕ್ಕೊಂದು ತಂಬಿಗೆ ನೀರು ಹಾಕಿ.

ದೋಸೆ ಹಿಟ್ಟು ಹುಳಿ ಬರಲು ಇಟ್ಟ ರಾತ್ರಿಯೇ ನೊಣ ಮುತ್ತುತ್ತವೆ. ಮುಚ್ಚಳ ಗಟ್ಟಿ ಹಾಕೋಣವೆಂದರೆ ಅತ್ತೆಯವರು ಬೇಡ ಅಂತಾರೆ.
— ಓದುಗರು, ಮಾಟುಂಗಾ

ಅತ್ತೆಯವರ ಮಾತು ಸರಿ. ಹುಳಿ ಬರುವಾಗ ಗಾಳಿ ಹುಟ್ಟುತ್ತದೆ, ಬಿಗಿ ಮುಚ್ಚಳದಡಿ ಹಿಟ್ಟು ಉಕ್ಕಿ ಅಂಚಿಗೆಲ್ಲ ಬಳಿಯುತ್ತದೆ, ನೊಣಕ್ಕೆ ಬೇಕಾದದ್ದೂ ಅದೇ. ಪಾತ್ರೆಯ ಅರ್ಧದಷ್ಟೇ ಹಿಟ್ಟು ಹಾಕಿ, ಬಾಯಿಗೆ ಹಳೆಯ ತೆಳು ಪಂಚೆಯ ತುಂಡನ್ನು ಎರಡು ಮಡಿ ಮಾಡಿ ರಬ್ಬರಿನಿಂದ ಬಿಗಿಯಿರಿ, ಮೇಲೆ ಮುಚ್ಚಳ ಸಡಿಲವಾಗಿ ಇಡಿ. ಸೊಳ್ಳೆಪರದೆಯ ಬಟ್ಟೆ ಸಾಲದು, ಅದರ ಕಣ್ಣಿನಲ್ಲಿ ಈ ನೊಣ ನುಸುಳುತ್ತದೆ. ಕಿಟಕಿಯ ಜಾಳಿಯೂ ಅವುಗಳನ್ನು ಪೂರ್ತಿ ತಡೆಯದಿರುವುದು ಇದರಿಂದಲೇ. ರುಬ್ಬಿದ ಮೇಲೆ ಗ್ರೈಂಡರಿನ ಕಲ್ಲಿನ ಸಂದು, ಮಿಕ್ಸರ್ ಜಾರಿನ ಗ್ಯಾಸ್ಕೆಟ್ ಆಗಲೇ ತೊಳೆಯಿರಿ.

ರತ್ನಾಗಿರಿ ಆಪೂಸ್ ಮಾವು ಕೊಯ್ದರೆ ಒಳಗೆ ಬಿಳಿ ಹುಳ. ಅಡುಗೆಮನೆಯ ನೊಣದ್ದೇ ಮರಿಯೇ?
— ಓದುಗರು, ಮೀರಾ ರೋಡ್

ಅಲ್ಲ. ಅದು ತೋಟದ ಹಣ್ಣುನೊಣ, ಏಳೆಂಟು ಮಿಲಿಮೀಟರಿನ ದೊಡ್ಡದು. ಹಣ್ಣು ಮರದಲ್ಲಿರುವಾಗಲೇ ಸಿಪ್ಪೆಗೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಅದರ ಹುಳು ಮುಟ್ಟಿದರೆ ಪುಟಿದು ಹಾರುತ್ತದೆ. ಇದೇ ನೊಣದ ಕಾರಣಕ್ಕೆ 2014ರ ಮೇ 1ರಿಂದ ಯುರೋಪಿನ ಒಕ್ಕೂಟ ಭಾರತದ ಮಾವನ್ನು ತಡೆದಿತ್ತು, 2015ರ ಜನವರಿಯಲ್ಲಿ ಬಿಟ್ಟಿತು. ರಫ್ತಿನ ಹಣ್ಣನ್ನು 48 ಡಿಗ್ರಿ ನೀರಿನಲ್ಲಿ 60 ನಿಮಿಷ ಅದ್ದುವ ಕ್ರಮವಿದೆ. ಮನೆಯಲ್ಲಿ ಅದನ್ನು ಮಾಡಲು ಹೋಗಬೇಡಿ, ಎರಡು ಡಿಗ್ರಿ ಹೆಚ್ಚಾದರೂ ಹಣ್ಣು ಬೆಂದ ಹಾಗಾಗುತ್ತದೆ.

ಮಾವಿನ ಪೇಟಿ ಬಂದ ದಿನವೇ ಹುಲ್ಲಿನಿಂದ ಹೊರತೆಗೆದು ಒಂದೊಂದನ್ನೂ ನೋಡಿ. ಮೆತ್ತಗಿನ ಕಪ್ಪು ಮಚ್ಚೆ ಇದ್ದದ್ದನ್ನು ಬೇರೆ ಮಾಡಿ, ಉಳಿದದ್ದನ್ನು ತೊಳೆದು, ತೊಟ್ಟಿನ ಕುಳಿಯನ್ನು ಬೆರಳಿನಿಂದ ಉಜ್ಜಿ, ಒರೆಸಿ ಹರಡಿ. ಅಡುಗೆಮನೆಯ ನೊಣ ಮೊಟ್ಟೆ ಇಡುವುದು ಹೆಚ್ಚಾಗಿ ಬಿರುಕಿನಲ್ಲಿ, ಪೆಟ್ಟು ಬಿದ್ದ ಕಡೆಯಲ್ಲಿ. ಕಾಯಿ ಹಣ್ಣಾದ ಮೇಲಷ್ಟೇ ಫ್ರಿಜ್ಜಿಗೆ ಹಾಕಿ, ಮೊದಲೇ ಹಾಕಿದರೆ ಸರಿಯಾಗಿ ಪಕ್ವವಾಗದು. ಬಾಳೆಹಣ್ಣು ಫ್ರಿಜ್ಜಿನಲ್ಲಿ ಸಿಪ್ಪೆ ಕಪ್ಪಾದರೂ ಒಳಗೆ ಚೆನ್ನಾಗಿಯೇ ಇರುತ್ತದೆ.

ಸ್ಪ್ರೇ ಹೊಡೆದರೆ ಆಗದೇ?
— ಓದುಗರು, ಪಿಂಪ್ರಿ

ಹಾರುವವು ಸಾಯುತ್ತವೆ, ಹುಳು-ಕೋಶ ಉಳಿಯುತ್ತವೆ, ವಿಷ ಮಾತ್ರ ಕಟ್ಟೆಯ ಮೇಲೆ, ಪಾತ್ರೆಯ ಮೇಲೆ ಕೂರುತ್ತದೆ. ಅಡುಗೆಮನೆಯಲ್ಲಿ ಬೇಡವೇ ಬೇಡ.

ಬಾಲ್ಕನಿಯಲ್ಲಿ ಗೊಬ್ಬರದ ಡಬ್ಬಿ ಇಟ್ಟಿದ್ದೇವೆ. ಮುಚ್ಚಳ ತೆಗೆದರೆ ಮುಖಕ್ಕೇ ನೊಣದ ಮೋಡ. ನಿಲ್ಲಿಸಿಬಿಡೋಣವೇ?
— ದಂಪತಿ, ಔಂಧ್, ಪುಣೆ

ನಿಲ್ಲಿಸಬೇಡಿ. ಡಬ್ಬಿಯಲ್ಲಿ ಹಸಿ ಹೆಚ್ಚು, ಒಣ ಕಡಿಮೆಯಾಗಿದೆ ಅಷ್ಟೇ. ಒಂದು ಹಿಡಿ ತೆಗೆದು ಹಿಂಡಿ: ಬೆರಳ ಸಂದಿನಿಂದ ಒಂದೆರಡು ಹನಿ ಬಂದರೆ ಸರಿ, ಧಾರೆಯಾಗಿ ಇಳಿದರೆ ಒಣ ಎಲೆ ಅಥವಾ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಬೇಕು. ಒಂದು ಬಟ್ಟಲು ಹಸಿ ಕಸಕ್ಕೆ ಒಂದರಿಂದ ಎರಡು ಬಟ್ಟಲು ಒಣದ್ದು ಹಾಕಿ ಕಲಸಿ, ಮೇಲೆ ಪ್ರತಿ ಸಲವೂ ಎರಡಂಗುಲ ಕೊಕೊಪೀಟ್ ಮುಚ್ಚಿ, ಸಿಪ್ಪೆಯ ಒಂದು ತುದಿಯೂ ಕಾಣಬಾರದು. ಗಾಳಿಯ ತೂತುಗಳಿಗೆ ಒಳಗಿನಿಂದ ತೆಳು ಬಟ್ಟೆ ಅಂಟಿಸಿ. ಬಾಳೆ, ಮಾವು, ಅನಾನಸಿನ ಸಿಪ್ಪೆಯಲ್ಲಿ ಮೊಟ್ಟೆ ಮೊದಲೇ ಇರಬಹುದು; ಅವನ್ನು ಒಂದು ಚೀಲದಲ್ಲಿ ಹಾಕಿ ಎರಡು ದಿನ ಫ್ರೀಜರಿನಲ್ಲಿಟ್ಟು ಆಮೇಲೆ ಡಬ್ಬಿಗೆ ಹಾಕಿ.

ಬೂದು-ಕಂದು ಬಣ್ಣದ, ಬೆರಳ ಗೆಣ್ಣಿನುದ್ದದ ದಪ್ಪ ಹುಳ ಕಂಡರೆ ಗಾಬರಿ ಬೇಡ. ಅವು ಕಪ್ಪು ಸೈನಿಕನೊಣದ ಮರಿಗಳು, ಕಸವನ್ನು ಬೇಗ ಬೇಗ ತಿಂದು ಮುಗಿಸುತ್ತವೆ. ಬಿಟ್ಟುಬಿಡಿ. ಇನ್ನು ಪಕ್ಕದ ತುಳಸಿ ಕುಂಡದ ಮಣ್ಣಿನಿಂದ ಉದ್ದ ಕಾಲಿನ ಕಪ್ಪು ನುಸಿ ಏಳುತ್ತಿದ್ದರೆ ಅದು ಬೇರೆಯೇ ಜಾತಿ, ಅತಿಯಾಗಿ ನೀರು ಹಾಕಿದ್ದರ ಗುರುತು. ಮೇಲಿನ ಒಂದಂಗುಲ ಮಣ್ಣು ಒಣಗುವವರೆಗೆ ನೀರು ಹಾಕಬೇಡಿ, ಕುಂಡದಡಿಯ ತಟ್ಟೆಯ ನೀರನ್ನು ಚೆಲ್ಲಿ.