ಹದಿನಾಲ್ಕು ಕೋರ್ ಇದ್ದ ಮಾತ್ರಕ್ಕೆ ಗೇಮ್ ಓಡುವುದಿಲ್ಲ

ಹಳೆಯ ಸರ್ವರ್‌ನಿಂದ ಬಿಚ್ಚಿದ, 14 ಕೋರ್‌ಗಳ ಇಂಟೆಲ್ ಝಿಯಾನ್ ಇ5-2680 ವಿ4 ಪ್ರೊಸೆಸರ್ (ಕೋರ್ ಎಂದರೆ ಅದರೊಳಗೆ ಸ್ವತಂತ್ರವಾಗಿ ಲೆಕ್ಕ ಮಾಡುವ ಘಟಕ) ಕೊಳ್ಳಲೇ, ಎಂಟೇ ಕೋರ್‌ಗಳ ರೈಜೆನ್ 7 7800ಎಕ್ಸ್3ಡಿ ಕೊಳ್ಳಲೇ ಎಂದು ಕೇಳಿದ್ದೀರಿ. ಸಂಜೆ ಗೇಮ್, ರಾತ್ರಿ 3ಡಿ ತಂತ್ರಾಂಶ ಬ್ಲೆಂಡರ್‌ನಲ್ಲಿ ರೆಂಡರಿಂಗ್ (ಅಂತಿಮ ಚಿತ್ರವನ್ನು ಲೆಕ್ಕಹಾಕಿ ಮೂಡಿಸುವುದು) ಎಂದಿದ್ದೀರಿ. ದಯವಿಟ್ಟು ರೈಜೆನ್ ತೆಗೆದುಕೊಳ್ಳಿ.

ಸೆಕೆಂಡಿಗೆ 60 ಫ್ರೇಮ್ ಬೇಕಾದರೆ ಒಂದು ಫ್ರೇಮ್‌ಗೆ ಸಿಗುವುದು ಸುಮಾರು 16.7 ಮಿಲಿಸೆಕೆಂಡ್. ಅಷ್ಟರೊಳಗೆ ಗೇಮ್‌ನ ಮುಖ್ಯ ಥ್ರೆಡ್ (ಒಂದರ ಹಿಂದೊಂದು ನಡೆಯುವ ಕೆಲಸಗಳ ಸರಣಿ) ತನ್ನ ಕೆಲಸ ಮುಗಿಸಲೇಬೇಕು. ಅದನ್ನು ಹದಿನಾಲ್ಕು ಕೋರ್‌ಗಳಿಗೆ ಸಮನಾಗಿ ಹಂಚಲು ಬರುವುದಿಲ್ಲ. ನಾನು ಅದೇ ಝಿಯಾನ್ ಬಳಸುತ್ತಿದ್ದಾಗ ಟಾಸ್ಕ್ ಮ್ಯಾನೇಜರ್‌ನ 28 ಚೌಕಗಳಲ್ಲಿ (ಪ್ರತಿ ಕೋರ್ ಅಲ್ಲಿ ಎರಡಾಗಿ ಕಾಣುತ್ತದೆ) ಒಂದೆರಡು ಮಾತ್ರ ತುಂಬಿರುತ್ತಿದ್ದವು, ಉಳಿದವು ಬಹುತೇಕ ಖಾಲಿ. ಪರದೆಯ ಮೇಲೆ ಗೇಮ್ ಮಾತ್ರ ತಡವರಿಸುತ್ತಿತ್ತು. 2016ರ ಆ ಚಿಪ್‌ನ ಗರಿಷ್ಠ ವೇಗ 3.3 ಗಿಗಾಹರ್ಟ್ಸ್, ಈ ರೈಜೆನ್‌ನದು 5. ಜೊತೆಗೆ ಚಿಪ್‌ನೊಳಗೇ ಇರುವ ವೇಗದ ಮೆಮೊರಿ, ಅಂದರೆ ಎಲ್3 ಕ್ಯಾಶ್, 96 ಎಂಬಿ ಇರುವುದರಿಂದ ಮಾಹಿತಿಗಾಗಿ ರ‍್ಯಾಮ್‌ವರೆಗೆ ಹೋಗಿ ಕಾಯುವುದು ಕಡಿಮೆ.

ರೆಂಡರಿಂಗ್‌ನಲ್ಲಿ ಎಲ್ಲ ಕೋರ್‌ಗಳೂ ದುಡಿಯುತ್ತವೆ, ನಿಜ. ಆದರೂ ಹೊಸ ಕೋರ್ ಒಂದೊಂದೂ ಎಷ್ಟೋ ಹೆಚ್ಚು ಕೆಲಸ ಮಾಡುವುದರಿಂದ ಅಲ್ಲಿಯೂ ಎಂಟು ಕೋರ್ ಸೋಲುವುದಿಲ್ಲ.

256 ಜಿಬಿ ಇಸಿಸಿ (ದೋಷಗಳನ್ನು ತಾನೇ ಸರಿಪಡಿಸುವ) ರ‍್ಯಾಮ್, ಹಗಲಿರುಳು ಓಡುವ ಹತ್ತಾರು ವರ್ಚುವಲ್ ಯಂತ್ರಗಳು (ಒಂದೇ ಕಂಪ್ಯೂಟರ್‌ನೊಳಗೆ ಬೇರೆ ಬೇರೆ ಕಂಪ್ಯೂಟರ್‌ಗಳಂತೆ ಓಡುವ ತಂತ್ರಾಂಶಗಳು) ನಿಮಗೆ ಬೇಕಿದ್ದರೆ ಝಿಯಾನ್ ಕೊಳ್ಳಿ ಎಂದೇ ಹೇಳುತ್ತಿದ್ದೆ.